ಬಲಗಡೆಯಿಂದ ಎಣಿಸುವ ಮಕ್ತುಮಬಿ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ಧಾರವಾಡದ ಪಡುವಣಕ್ಕೆ, ಊರಿನ ಕೊನೆಯ ಮನೆಗಳು ಮುಗಿದು ದನ ಮೇಯುವ ಗಾಯರಾಣ ಶುರುವಾಗುವ ಜಾಗದಲ್ಲಿ, ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ಒದ್ದೆ ಹುಲ್ಲಿನ ನಡುವೆ ಬೋರಲಾಗಿ ಮಲಗಿದ್ದಾರೆ. ಮೈ ಕೆಳಗೆ ಗೊಬ್ಬರದ ಖಾಲಿ ಚೀಲ. ಸೆರಗನ್ನು ತಲೆಗೆ ಸುತ್ತಿ ಕಿವಿಯ ಹಿಂದೆ ಬಿಗಿದಿದ್ದಾರೆ. ಬಾಯಲ್ಲಿ ರಬ್ಬರ್ ನಳಿಕೆ, ಅದರ ಇನ್ನೊಂದು ತುದಿಗೆ ಬೆರಳುದ್ದದ ಗಾಜಿನ ಸೀಸೆ. ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಹೊರಟ ಗೌಳಿಯೊಬ್ಬ ಗಾಬರಿಯಾಗಿ ಬ್ರೇಕು ಹಿಡಿಯುತ್ತಾನೆ. "ಯಾಕ ಬೂಬವ್ವಾ, ಚಕ್ಕರ್ ಬಂತೇನು?" ಬಾಯಿ ತುಂಬ ನಳಿಕೆ ಇದ್ದವರು ಉತ್ತರ ಹೇಳುವುದು ಹೇಗೆ? ಎಡಗೈ ಎತ್ತಿ, ಸುಮ್ಮನೆ ಹೋಗಪ್ಪಾ ಎಂದು ಬೀಸುತ್ತಾರೆ.

ಆ ಎಡಗೈಯೇ ಈಗ ಮೆಲ್ಲಗೆ ಹುಲ್ಲಿನ ಬುಡಕ್ಕೆ ಬರುತ್ತದೆ. ಈ ಕಡೆಯವರು ಕರಡ ಎನ್ನುವ, ಮೊಣಕಾಲುದ್ದ ಬೆಳೆಯುವ ಗುಡ್ಡದ ಹುಲ್ಲು ಅದು. ಕಡ್ಡಿಗೆ ತಲೆಕೆಳಗಾಗಿ ಅಂಟಿಕೊಂಡು ಒಂದು ಹುಳು ಕೂತಿದೆ. ಗಾತ್ರದಲ್ಲಿ ನವಣೆ ಕಾಳಿಗಿಂತ ತುಸು ಉದ್ದ, ಬಣ್ಣದಲ್ಲಿ ಹುಲ್ಲೇ ಹುಲ್ಲು. ಕೈಯ ನೆರಳು ಬಿದ್ದದ್ದೇ ತಡ, ಹುಳು ಹಾರುವುದಿಲ್ಲ, ಏಡಿಯ ಹಾಗೆ ಅಡ್ಡಡ್ಡ ಸರಿದು ಕಡ್ಡಿಯ ಆ ಮಗ್ಗುಲಿಗೆ ಹೋಗಿ ಅಡಗುತ್ತದೆ. ಆ ಮಗ್ಗುಲಲ್ಲಿ ಸೀಸೆಗೆ ಸಿಕ್ಕಿಸಿದ ಗಾಜಿನ ಕೊಳವೆ ಬಾಯಿ ತೆರೆದು ಕಾದಿರುತ್ತದೆ. ಸುರ್ರೆಂದು ಒಮ್ಮೆ ಉಸಿರು ಎಳೆದರೆ ಹುಳು ಸೀಸೆಯೊಳಗೆ. ನಳಿಕೆಗೆ ಮಲಮಲ್ ಬಟ್ಟೆಯ ತುಂಡು ಕಟ್ಟಿರುವುದರಿಂದ ಬಾಯಿಗೆ ಬರುವುದಿಲ್ಲ.

"ನನ್ನ ಕೈ ಕಂಡ್ರ ಅದಕ್ಕ ಅಂಜಿಕಿ ನೋಡ್ರಿ. ಅಂಜಿ ಆ ಕಡೆ ಹೋಗತೈತಿ. ಆ ಕಡೇನೂ ನಾನ ಇರತೇನಿ," ಎಂದು ಮಕ್ತುಮಬಿ ನಳಿಕೆ ತೆಗೆದು ನಗುತ್ತಾರೆ. "ಪಾಪ, ಅದಕ್ಕೇನ ಗೊತ್ತು, ನನಗ ಎರಡ ಕೈ ಅದಾವಂತ."

ಧಾರವಾಡದ ಕಾಲೇಜೊಂದರ ಕೀಟಶಾಸ್ತ್ರ ವಿಭಾಗದಲ್ಲಿ ಮಕ್ತುಮಬಿ ಹದಿಮೂರು ವರ್ಷಗಳಿಂದ ಜಿಗಿಹುಳು ಹಿಡಿಯುತ್ತಿದ್ದಾರೆ. ಇದು ೨೦೦೪ರ ಮಳೆಗಾಲ. ಈ ಹದಿಮೂರು ವರ್ಷದಲ್ಲಿ ಹದಿನೆಂಟು ಸಾವಿರ ಚಿಲ್ಲರೆ ಹುಳುಗಳು ಅವರ ಕೈಯಿಂದ ಹಾದು ಪೆಟ್ಟಿಗೆ ಸೇರಿವೆ. ಜಿಗಿಹುಳು ಎಂದರೆ ಎಲೆಯ ರಸ ಹೀರಿ, ಮುಟ್ಟಹೋದರೆ ಚಂಗನೆ ಜಿಗಿಯುವ ಸಣ್ಣ ಕೀಟ. ಹತ್ತಿ ಬೆಳೆದವರಿಗೂ ಭತ್ತ ನಟ್ಟವರಿಗೂ ಅದರ ಕಾಟ ಗೊತ್ತು. ಆದರೆ ಬರೀ ಹುಲ್ಲಿನಲ್ಲಿ ಹುಟ್ಟಿ ಹುಲ್ಲಿನಲ್ಲೇ ಸಾಯುವ ಜಿಗಿಹುಳುಗಳನ್ನು ಯಾರು ಕೇಳುತ್ತಾರೆ? ಬೆಳೆಗೆ ಹಾನಿ ಮಾಡದವರ ಸುದ್ದಿ ಯಾರಿಗೂ ಬೇಡ. ಮಾಡುವ ಕೆಲಸವನ್ನು ನೆಟ್ಟಗೆ ಮಾಡಿಕೊಂಡು ಹೋಗುವ ಮನುಷ್ಯರದ್ದೂ ಅದೇ ಪಾಡು ಅಲ್ಲವೇ!

ಅವರು ಈ ಕೆಲಸಕ್ಕೆ ಬಂದದ್ದು ಕುದುರೆಯ ದೆಸೆಯಿಂದ. ಗಂಡ ಗುಲಾಬಸಾಬ ಧಾರವಾಡ ಸ್ಟೇಶನ್ನಿನ ಎದುರು ಟಾಂಗಾ ಹೊಡೆಯುತ್ತಿದ್ದರು. ಕುದುರೆಗೆ ದಿನಾ ಎರಡು ಹೊರೆ ಹಸಿ ಹುಲ್ಲು ಬೇಕು. ನಸುಕಿನಲ್ಲಿ ಕುಡುಗೋಲು ಹಿಡಿದು ಗಾಯರಾಣಕ್ಕೆ ಹೋಗುವುದು ಮಕ್ತುಮಬಿಯ ಪಾಲಿನ ಕೆಲಸ. ೧೯೯೧ರ ಒಂದು ಮುಂಜಾನೆ ಅಲ್ಲೊಬ್ಬ ದಪ್ಪ ಕನ್ನಡಕದ ಸಾಹೇಬರು ಬಲೆ ಬೀಸುತ್ತ ಏದುಸಿರು ಬಿಡುತ್ತಿದ್ದರು. ಅವರೇ ಪ್ರೊಫೆಸರ್ ಗುರುಶಿದ್ದಪ್ಪ. ಬಲೆಯೊಳಗೆ ಬರೀ ಮಿಡತೆ ಮತ್ತು ಹುಲ್ಲಿನ ಮುಳ್ಳು. ನೋಡಿ ನೋಡಿ ಮಕ್ತುಮಬಿಗೆ ತಡೆಯಲಿಲ್ಲ.

"ಸರ, ಹಂಗ ಕಸಬರಿಗಿ ಆಡಿಸಿದಂಗ ಬಲಿ ಆಡಿಸಿದ್ರ ಅವು ಬುಡಕ್ಕ ಇಳೀತಾವ್ರಿ."

"ನಿನಗ ಹೆಂಗ ಗೊತ್ತವಾ?"

"ಹುಲ್ಲ ಕೊಯ್ಯೂ ಮುಂದ ಮೊಣಕೈ ತುಂಬ ಬಂದ ಕೂಡತಾವ್ರಿ. ಬಿಸಲ ಏರೂದ್ರಾಗ ಒಂದೂ ಇರೂದಿಲ್ಲ."

ಮರುವಾರವೇ ಗುರುಶಿದ್ದಪ್ಪ ಅವರನ್ನು ದಿನಗೂಲಿಯ ಮೇಲೆ ಕರೆಸಿಕೊಂಡರು. ಹುಲ್ಲು ಕೊಯ್ಯುವ ಬೆರಳು ಹುಳುವಿನ ಕಾಲು ಮುರಿಯದೆ ಎತ್ತಲು ಕಲಿತೀತೇ ಎಂದು ವಿಭಾಗದಲ್ಲಿ ಎಲ್ಲರಿಗೂ ಅನುಮಾನವಿತ್ತು. ತಿಂಗಳು ತುಂಬುವುದರೊಳಗೆ ಹುಡುಗರು ತಮ್ಮ ಹುಳುಗಳನ್ನು ಗುಟ್ಟಾಗಿ ಅವರ ಕೈಗೆ ಕೊಟ್ಟು, "ಆಪಾ, ಇದೊಂದು ಕೂಡಿಸಿ ಕೊಡ್ರಿ" ಎಂದು ಗೋಗರೆಯತೊಡಗಿದರು.

ಕೂಡಿಸುವುದು ಎಂದರೆ ಏನು? ಬೆಳಗಿನ ಮೂರು ತಾಸಿನಲ್ಲಿ ಅರವತ್ತು ಹುಳು ಸಿಕ್ಕರೆ, ಒಳ್ಳೆಯವು ಹದಿನೈದು ಉಳಿಯುತ್ತವೆ. ಉಗುರಿನ ತುದಿಯಷ್ಟು ಚೂಪಾಗಿ ಕತ್ತರಿಸಿದ ದಪ್ಪ ಕಾಗದದ ಮೂಲೆಗೆ ಸಾಸಿವೆಯ ಕಾಲುಭಾಗದಷ್ಟು ಅಂಟು ಹಚ್ಚಿ, ಹುಳುವಿನ ಬಲ ಮಗ್ಗುಲನ್ನು ಅದಕ್ಕೆ ತಾಗಿಸಿ, ಕಾಗದಕ್ಕೆ ಟಾಚಣಿ, ಅಂದರೆ ಗುಂಡುಸೂಜಿ, ಚುಚ್ಚಿ ನಿಲ್ಲಿಸಬೇಕು. ಅಂಟು ಹೆಚ್ಚಾದರೆ ಹುಳು ಮುಳುಗುತ್ತದೆ, ಕಡಿಮೆಯಾದರೆ ಉದುರುತ್ತದೆ. ಫ್ಯಾನು ಹಾಕುವಂತಿಲ್ಲ. ಸೀನು ಬಂದರೆ ಎದ್ದು ಹೊರಗೆ ಹೋಗಿ ಸೀನಿ ಬರಬೇಕು.

ಅಷ್ಟಾದರೂ ಹುಳು ಯಾವುದೆಂದು ಗೊತ್ತಾಗುವುದಿಲ್ಲ. ಹುಲ್ಲಿನ ಜಿಗಿಹುಳುಗಳು ನೋಡಲು ಒಂದೇ ತಾಯಿಯ ಮಕ್ಕಳು. ನಿಜವಾದ ಗುರುತು ಇರುವುದು ಗಂಡು ಹುಳುವಿನ ಹೊಟ್ಟೆಯ ತುದಿಯ ಒಳಗಿನ ಕೊಕ್ಕೆಗಳಲ್ಲಿ. ಒಂದು ಬೀಗಕ್ಕೆ ಒಂದೇ ಕೀಲಿ ಎಂಬಂತೆ ಒಂದೊಂದು ಜಾತಿಗೆ ಒಂದೊಂದು ಆಕಾರದ ಕೊಕ್ಕೆ. ಅದಕ್ಕಾಗಿ ಹೊಟ್ಟೆಯನ್ನು ಬಿಡಿಸಿ, ಒಂದು ರಾತ್ರಿ ಕ್ಷಾರದ ನೀರಿನಲ್ಲಿ ನೆನೆಹಾಕಿ, ಬಣ್ಣವೆಲ್ಲ ಹೋಗಿ ಗಾಜಿನಂತಾದ ಮೇಲೆ ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ನೋಡಿ ಆದ ಮೇಲೆ ಆ ಹೊಟ್ಟೆಯನ್ನು ಗ್ಲಿಸರಿನ್ ತುಂಬಿದ ಪುಟಾಣಿ ಸೀಸೆಗೆ ಹಾಕಿ, ಅದರ ಒಡೆಯ ನಿಂತ ಟಾಚಣಿಗೇ ಚುಚ್ಚಬೇಕು. ಯಾರ ಹೊಟ್ಟೆ ಯಾರದು ಎಂಬುದು ತಪ್ಪಿತೋ, ಮುಗಿಯಿತು.

ಹೊಟ್ಟೆಗಳನ್ನು ನೆನೆಹಾಕಲು ಒಂದು ಉದ್ದನೆಯ ಗಾಜಿನ ಪಟ್ಟಿ ಇದೆ. ಅದರಲ್ಲಿ ಒಂದೇ ಸಾಲಿಗೆ ಹನ್ನೆರಡು ಕುಳಿ. ಒಂದನೆಯ ಹುಳುವಿನ ಹೊಟ್ಟೆ ಒಂದನೆಯ ಕುಳಿಗೆ, ಎರಡನೆಯದು ಎರಡಕ್ಕೆ. ಇದರಲ್ಲಿ ತಿಳಿಯದ್ದೇನಿದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಮಕ್ತುಮಬಿ ಕನ್ನಡ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ತವರು ಉಣಕಲ್. ಅಲ್ಲಿ ಸೋದರತ್ತೆಯೊಬ್ಬರು ಓಣಿಯ ಹೆಣ್ಣುಮಕ್ಕಳನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು ಕುರಾನ್ ಓದಲು ಕಲಿಸುತ್ತಿದ್ದರು. ಬಲಗಡೆಯಿಂದ ಶುರು ಮಾಡಿ ಎಡಕ್ಕೆ. ಕಣ್ಣಿಗೂ ಕೈಗೂ ಅದೇ ದಾರಿ ರೂಢಿಯಾಯಿತು. ಹಾಗಾಗಿ ಅವರ ಲೆಕ್ಕದಲ್ಲಿ ಒಂದನೆಯ ಕುಳಿ ಎಂದರೆ ಬಲತುದಿಯದು. ಹಾಕುವವರೂ ಅವರೇ, ಮರುದಿನ ತೆಗೆಯುವವರೂ ಅವರೇ. ಬಲದಿಂದ ಹಾಕಿ ಬಲದಿಂದ ತೆಗೆದರೆ ಯಾರ ಗಂಟೂ ಹೋಗುವುದಿಲ್ಲ. ಏಳು ವರ್ಷ ಯಾರಿಗೂ ಇದು ಗೊತ್ತಾಗಲಿಲ್ಲ, ಗೊತ್ತಾಗುವ ಪ್ರಸಂಗವೂ ಬರಲಿಲ್ಲ.

ಬಂದದ್ದು ೧೯೯೮ರ ಜುಲೈ ತಿಂಗಳಲ್ಲಿ. ಹಿಂದಿನ ದಿನ ಮಕ್ತುಮಬಿ ಹನ್ನೆರಡು ಗಂಡು ಹುಳುಗಳ ಹೊಟ್ಟೆ ನೆನೆಹಾಕಿದ್ದರು. ಮೊದಲ ಆರು ಗಾಯರಾಣದ ಕರಡದಿಂದ ಹಿಡಿದವು, ಕರಡದ ಗಂಡುಗಳನ್ನು ಬಿಡಿಸಿದ್ದು ಅದೇ ಮೊದಲು; ಉಳಿದ ಆರು ಕಾಲೇಜಿನ ಅಂಗಳದ ಕರಿಕೆಯಿಂದ, ಅಂದರೆ ಗರಿಕೆ ಹುಲ್ಲಿನಿಂದ. ಬೆಳಿಗ್ಗೆ ತೆಗೆಯಬೇಕು ಎನ್ನುವಷ್ಟರಲ್ಲಿ ಓಣಿಯವರೊಬ್ಬರು ಓಡುತ್ತ ಬಂದರು. ಕುದುರೆ ಬಿದ್ದಿದೆ, ಏಳುತ್ತಿಲ್ಲ. ಅದರ ಹೆಸರು ಬಾದಲ್. ಆಟೋ, ಟೆಂಪೋಗಳು ಬಂದು ಸ್ಟೇಶನ್ನಿನ ಎದುರಿನ ಟಾಂಗಾಗಳೆಲ್ಲ ಒಂದೊಂದಾಗಿ ಕಾಣೆಯಾದರೂ ಗುಲಾಬಸಾಬರು ಅದನ್ನು ಮಾರಿರಲಿಲ್ಲ. ಮಕ್ತುಮಬಿ ಕೈ ತೊಳೆದು ಓಡಿದರು. ಮಧ್ಯಾಹ್ನದ ಹೊತ್ತಿಗೆ ಬಾದಲ್ ತೀರಿಕೊಂಡಿತು. "ನಮ್ಮ ಮನಿಯವರು ಅವತ್ತ ಅತ್ತಷ್ಟು ಅವರ ಅಪ್ಪ ಸತ್ತಾಗ ಸುದ್ದಾ ಅತ್ತಿದ್ದಿಲ್ರಿ," ಎಂದು ಆರು ವರ್ಷದ ಮೇಲೂ ಕಣ್ಣು ಒರೆಸಿಕೊಳ್ಳುತ್ತಾರೆ.

ಇತ್ತ ಪ್ರಯೋಗಾಲಯದಲ್ಲಿ ಆಗ ಸಂಶೋಧನೆ ಮಾಡುತ್ತಿದ್ದ ರಾಜೀವ ಎಂಬ ಹುಡುಗ, ಪಾಪ ಆಪಾಗೆ ತೊಂದರೆ ಆಗಿದೆ, ಈ ಕೆಲಸವನ್ನಾದರೂ ಮುಗಿಸಿಕೊಡೋಣ ಎಂದು ಹೊಟ್ಟೆಗಳನ್ನು ತೆಗೆದು ಸೀಸೆಗೆ ತುಂಬಿದ. ಓದಿದ ಹುಡುಗ, ಓದಿದ ಹಾಗೆಯೇ ಎಡದಿಂದ ತೆಗೆದ. ನೆನೆದ ಹೊಟ್ಟೆಗಳಿಗೆ ಬಣ್ಣವಿಲ್ಲ, ಗುರುತಿಲ್ಲ. ಹನ್ನೆರಡಕ್ಕೆ ಹನ್ನೆರಡೂ ತಿರುಗಾಮುರುಗಾ. ಕರಡದ ಹುಳುವಿನ ಟಾಚಣಿಗೆ ಕರಿಕೆಯ ಹುಳುವಿನ ಹೊಟ್ಟೆ, ಕರಿಕೆಯದಕ್ಕೆ ಕರಡದ್ದು. ಒಂದೋ ಎರಡೋ ತಪ್ಪಿದ್ದರೆ ಅನುಮಾನ ಬರುತ್ತಿತ್ತು. ಅಚ್ಚುಕಟ್ಟಾಗಿ ಆರಕ್ಕೆ ಆರೂ ಅದಲುಬದಲಾದರೆ ಯಾರಿಗೆ ಸಂಶಯ ಬಂದೀತು? ಒಳ್ಳೆಯ ಮನಸ್ಸಿನಿಂದ ಮಾಡಿದ ಉಪಕಾರ ಹೀಗೂ ತಿರುಗಿ ಬೀಳುತ್ತದೆ.

ಮರುವಾರ ಗುರುಶಿದ್ದಪ್ಪ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದಾಗ ಅವರ ಮುಖ ಅರಳಿತ್ತು. ಕರಿಕೆಯ ಹುಳುವಿನ ಹೊಟ್ಟೆಯಲ್ಲಿ ಅವರು ಎಂದೂ ಕಾಣದ ಕೊಕ್ಕೆ! ಕವಲೊಡೆದ, ತುದಿಯಲ್ಲಿ ಹಲ್ಲಿರುವ ಕೊಕ್ಕೆ. ಹೊಸ ಜಾತಿ! ಇನ್ನು ಕರಡದ ಹುಳು? ಅದರ ಸೀಸೆಯಲ್ಲಿದ್ದದ್ದು ಎಲ್ಲ ಕಡೆ ಸಿಗುವ ಹಳೆಯ ಜಾತಿಯ ಕೊಕ್ಕೆ. ಮೈ ತುಸು ದಪ್ಪ ಇದೆ, ಒಳ್ಳೆಯ ಹುಲ್ಲು ತಿಂದು ಬೆಳೆದಿರಬೇಕು ಎಂದು ಅದನ್ನು ಹಳೆಯದರ ಪೆಟ್ಟಿಗೆಗೆ ಸೇರಿಸಿದರು. ಹಳೆಯದು ಎಂದು ಒಮ್ಮೆ ಬರೆದ ಮೇಲೆ ಅದರ ಹೊಟ್ಟೆಯನ್ನು ಮತ್ತೆ ಬಿಡಿಸಿ ನೋಡುವವರು ಯಾರು?

ಆಮೇಲಿನ ಮೂರು ಮಳೆಗಾಲ ಮಕ್ತುಮಬಿ ಕರಿಕೆಯಲ್ಲಿ ಆ ಹೊಸ ಹುಳುವಿಗಾಗಿ ಹುಡುಕಿದರು. ಕಾಲೇಜಿನ ಅಂಗಳ, ಸಪ್ತಾಪುರದ ಕಂಪೌಂಡುಗಳು, ಉಣಕಲ್ ಕೆರೆಯ ದಂಡೆ, ಎಲ್ಲಿ ಕರಿಕೆ ಇದೆಯೋ ಅಲ್ಲಿ. ಹಿಡಿದ ಗಂಡುಗಳೇ ಒಂಬೈನೂರರ ಮೇಲೆ. ಅವುಗಳಲ್ಲಿ ಒಂದಕ್ಕೂ ಆ ಕೊಕ್ಕೆ ಇಲ್ಲ. "ಭಾಳ ಅಪರೂಪದ ಹುಳಾ ಅದು," ಎಂದು ಸರ್ ಇನ್ನಷ್ಟು ಹಿಗ್ಗಿದರು. ಅವರ ನಿವೃತ್ತಿ ಹತ್ತಿರ ಬರುತ್ತಿತ್ತು. ಇರುವ ಆರನ್ನೇ ಇಟ್ಟುಕೊಂಡು ಲೇಖನ ಬರೆದರು. ೨೦೦೧ರ ಆಗಸ್ಟಿನಲ್ಲಿ ಹೊರದೇಶದ ಪತ್ರಿಕೆಯಿಂದ ಅಚ್ಚಿನ ಕರಡುಪ್ರತಿ ಬಂತು. ತಿದ್ದಿ ತಿಂಗಳ ಕೊನೆಯೊಳಗೆ ಕಳಿಸಬೇಕು. ತಿಂಗಳ ಕೊನೆಯ ದಿನವೇ ಅವರ ನಿವೃತ್ತಿ.

ಅದೇ ಮಳೆಗಾಲದಲ್ಲಿ ಸ್ನೇಹಲ್ ಎಂಬ ಹುಡುಗಿ ಸಂಶೋಧನೆಗೆ ಸೇರಿದಳು. ಸಪ್ತಾಪುರದಲ್ಲಿ ಬಾಡಿಗೆ ಕೋಣೆ, ಹಳೆಯ ಲೂನಾ, ಬಾಯಿ ತುಂಬ ಪ್ರಶ್ನೆ. ಹೊಟ್ಟೆ ನೆನೆಹಾಕುವುದನ್ನು ತನಗೂ ಕಲಿಸಬೇಕೆಂದು ಮಕ್ತುಮಬಿಯ ಬೆನ್ನು ಹತ್ತಿದಳು. ಕಲಿಸಿದರು. ಹುಡುಗಿ ಗಾಜಿನ ಪಟ್ಟಿಯ ಎಡತುದಿಯಿಂದ ಶುರು ಮಾಡಿದಳು.

"ಅಯ್ಯ, ಬಾಲದ ಕಡಿಂದ ಸುರು ಮಾಡಿದೆಲ್ಲವಾ!" ಎಂದು ಮಕ್ತುಮಬಿ ನಕ್ಕರು.

"ಇದ ಅಲ್ಲೇನ್ರಿ ಆಪಾ ಒಂದನೇದು? ಎಲ್ಲಾರೂ ಹಿಂಗ ಹಾಕತಾರ. ರಾಜೀವ ಸರ್ ಬರೆದಿಟ್ಟ ವಹಿಯೊಳಗೂ ಎಡಗಡೆದ್ದ ಒಂದನೇ ನಂಬರ್ ಅಂತ ಐತಿ."

ನಗು ಬಾಯಲ್ಲೇ ಉಳಿಯಿತು. ಮಕ್ತುಮಬಿ ಗಾಜಿನ ಪಟ್ಟಿಯನ್ನು ಕೆಳಗಿಟ್ಟರು. ರಾಜೀವ ತೆಗೆದದ್ದು ಆ ಒಂದು ದಿನ ಮಾತ್ರ. ಬಾದಲ್ ಸತ್ತ ದಿನ. ಆ ದಿನವನ್ನು ಅವರು ಮರೆಯುವುದುಂಟೇ? ಮೂರು ವರ್ಷ ಕರಿಕೆಯಲ್ಲಿ ಸಿಗದ ಹುಳು ಎಲ್ಲಿದೆ ಎಂಬುದು ನಿಂತ ಕಾಲಲ್ಲಿ ಗೊತ್ತಾಯಿತು. ಅದು ಗಾಯರಾಣದ ಕರಡದಲ್ಲಿ, ಅವರ ಮೊಣಕೈಯ ಕೆಳಗೇ ಇತ್ತು!

ಆಮೇಲಿನ ಎಂಟು ದಿನ ಅವರಿಗೆ ಊಟ ರುಚಿಸಲಿಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದ ಸ್ಥಿತಿ. ಹೇಳಿದರೆ ಸರ್ ಅವರ ಕೊನೆಯ ಲೇಖನ ಮಣ್ಣುಪಾಲು, ನಿವೃತ್ತಿಯ ಹಾರ ಹಾಕಿಕೊಳ್ಳುವ ಹೊತ್ತಿಗೆ ನಾಲ್ಕು ಜನರ ಎದುರು ತಲೆತಗ್ಗಿಸುವ ಪಾಳಿ. ಹೇಳದಿದ್ದರೆ ಇಲ್ಲದ ಹುಳುವೊಂದು ಪುಸ್ತಕದಲ್ಲಿ ಹುಟ್ಟಿ, ಇದ್ದ ಹುಳು ಇಲ್ಲದಂತಾಗುತ್ತದೆ. ಇನ್ನು ತಮ್ಮ ಮಾತು? ಮಕ್ತುಮಬಿಯ ಕೈಯಲ್ಲಿ ತಪ್ಪಾಗುವುದಿಲ್ಲ ಎಂಬ ಒಂದೇ ಮಾತಿನ ಮೇಲೆ ಅವರ ಅನ್ನ ನಿಂತಿತ್ತು. ಹತ್ತು ವರ್ಷದ ಹುಳುಗಳನ್ನೆಲ್ಲ ಜನ ಅನುಮಾನದಿಂದ ನೋಡುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

ಗುಲಾಬಸಾಬರ ಮುಂದೆ ಹೇಳಿಕೊಂಡರು. ಕುದುರೆ ಹೋದ ಮೇಲೆ ಅವರು ಗೌಳಿಗರ ಎಮ್ಮೆಗಳಿಗೆ ಹುಲ್ಲು ಕೊಯ್ದು ಹಾಕುವ ಕೆಲಸ ಹಿಡಿದಿದ್ದರು. ಎಲ್ಲ ಕೇಳಿ, ಬೀಡಿ ಆರಿಸಿ ಕೇಳಿದರಂತೆ, "ಆ ಹುಳದ ಹೆಸರ ತಪ್ಪಾದ್ರ ಯಾರರ ಸಾಯತಾರೇನು?"

"ಯಾರೂ ಸಾಯೂದಿಲ್ಲ."

"ಮತ್ತ ನೀ ಯಾಕ ಸಾಯಾಕತ್ತೀ?"

ಮಕ್ತುಮಬಿ ಮರುದಿನ ಬೆಳಿಗ್ಗೆ ಸೀದಾ ಸರ್ ಕೋಣೆಗೆ ಹೋದರು.

ಗುರುಶಿದ್ದಪ್ಪ ಕರಡುಪ್ರತಿಯನ್ನು ಲಕೋಟೆಗೆ ಹಾಕಿ ಅಂಟು ಹಚ್ಚುತ್ತಿದ್ದರು. ಮಕ್ತುಮಬಿ ಗಾಜಿನ ಪಟ್ಟಿಯನ್ನು ಮೇಜಿನ ಮೇಲಿಟ್ಟು, ಬಲಗಡೆಯ ಕುಳಿಯ ಮೇಲೆ ಬೆರಳಿಟ್ಟರು. "ಸರ, ನನಗ ಇದ ಒಂದ್ರಿ." ಉಳಿದದ್ದನ್ನು ಅಳುತ್ತಲೇ ಹೇಳಿದರು.

ಸರ್ ಮೊದಲು ನಂಬಲಿಲ್ಲ. ಆಮೇಲೆ ಕೆಂಡವಾದರು. "ಮೂರ ವರ್ಷ! ಮೂರ ವರ್ಷ ಏನ ಮಾಡಾಕತ್ತಿದ್ದಿ ನೀನು? ಇನ್ನ ಹನ್ನೊಂದ ದಿನಕ್ಕ ನಾ ಮನಿಗೆ ಹೋಗಾಂವ. ಈಗ ಬಂದ ಹೇಳತೀ?" ಎಂದು ಕೂಗಿದ್ದು ಕಾರಿಡಾರಿನ ಕೊನೆಯವರೆಗೂ ಕೇಳಿಸಿತು. ಕೂಗಿ ಕೂಗಿ ದಣಿದು ಕುರ್ಚಿಯಲ್ಲಿ ಕುಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು, "ಬಾಯಿಮಾತ ಸಾಲೂದಿಲ್ಲವಾ. ಕರಡದಾಗಿಂದ ಒಂದ ಗಂಡು ಹಿಡದ ತಾ. ನಾನ ಬಿಡಿಸಿ ನೋಡತೇನಿ." ಲಕೋಟೆಯನ್ನು ಖಾನೆಯಲ್ಲಿಟ್ಟು ಬೀಗ ಹಾಕಿದರು.

ಹಿಂದೆ ಕರಡದಿಂದ ಹಿಡಿದ ಒಣ ಹುಳುಗಳು ಪೆಟ್ಟಿಗೆಯಲ್ಲಿ ಇರಲಿಲ್ಲವೇ ಎಂದು ಕೇಳಬಹುದು. ಇದ್ದವು, ಆದರೆ ಎಲ್ಲವೂ ಹೆಣ್ಣು. ಹಳೆಯ ಜಾತಿ ಎಂದಾದ ಮೇಲೆ ಗಂಡುಗಳನ್ನು ಬೇರೆ ಊರಿನ ಸಂಗ್ರಹಗಳಿಗೆ ಹಂಚಿಬಿಟ್ಟಿದ್ದರು.

ಹೊಸದಾಗಿ ಹಿಡಿಯೋಣವೆಂದರೆ ಆಗಸ್ಟ್ ಮೂರನೆಯ ವಾರ. ಈ ಹುಳುವಿನ ಗಂಡುಗಳು ಮೊದಲ ಮಳೆಯ ಹುಲ್ಲು ಮೊಣಕಾಲು ಮುಟ್ಟುವ ಹೊತ್ತಿಗೆ ರೆಕ್ಕೆ ಬಲಿತು, ಹತ್ತು ಹನ್ನೆರಡು ದಿನ ಬದುಕಿ, ಜೊತೆ ಕೂಡಿ ಸಾಯುತ್ತವೆ. ಆಮೇಲೆ ಉಳಿಯುವುದು ಎಲೆಯ ನಡುನರದಲ್ಲಿ ಮೊಟ್ಟೆ ಚುಚ್ಚುತ್ತ ಕೂರುವ ಹೆಣ್ಣುಗಳು ಮಾತ್ರ. ಇದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ, ಮಕ್ತುಮಬಿಗೆ ಮಾತ್ರ ಗೊತ್ತಿತ್ತು. ಮೊದಲ ದಿನ ಮೂವತ್ತೊಂದು ಹಿಡಿದರು. ಒಂದೊಂದನ್ನೂ ಸೀಸೆಯಲ್ಲೇ ಮಗುಚಿ ನೋಡಿದರು. ಹೆಣ್ಣಿನ ಹೊಟ್ಟೆಯ ಅಡಿಗೆ ಒಂದು ಗೀಟು ಇರುತ್ತದೆ. ಮೂವತ್ತೊಂದಕ್ಕೂ ಗೀಟು. ಎರಡನೆಯ ದಿನ ನಲವತ್ತು, ಅವೂ ಹೆಣ್ಣೇ. ಮೂರು, ನಾಲ್ಕು, ಐದು ದಿನ. ಮೊಣಕೈ ಕಿತ್ತುಹೋಯಿತು. ಗಂಡು ಎಂಬುದು ಗಾಯರಾಣದಲ್ಲೇ ಇಲ್ಲ.

ಆರನೆಯ ದಿನ ರೊಟ್ಟಿ ಬಡಿಯುತ್ತಿದ್ದಾಗ ಗಂಡನ ಮಾತು ಕಿವಿಗೆ ಬಿತ್ತು. ಗುಲಾಬಸಾಬರು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. ಜುಲೈ ಮೊದಲಲ್ಲಿ ಹಳ್ಳದ ಮಗ್ಗುಲು ಕೊಯ್ದ ಕರಡ ಮತ್ತೆ ಚಿಗುರಿ ಎಳೆಯದಾಗಿ ಬಂದಿದೆ, ನಾಳೆ ಇನ್ನೊಮ್ಮೆ ಕೊಯ್ಯಬೇಕು ಎಂದು. ಮಕ್ತುಮಬಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಒಮ್ಮೆ ಕೊಯ್ದ ಹುಲ್ಲು ತಡವಾಗಿ ಚಿಗುರಿದರೆ ಅಲ್ಲಿನ ಹುಳುವೂ ತಡವಾಗಿಯೇ ಬಲಿಯಬೇಕಲ್ಲವೇ?

"ನಾಳೆ ಕುಡಗೋಲ ಮುಟ್ಟಬ್ಯಾಡ್ರಿ. ಮೊದ್ಲ ನಾ ಹೋಗಿ ಬರತೇನಿ."

"ಎಮ್ಮಿ ಹೊಟ್ಟಿ ಬಡದು ಹುಳದ ಹೊಟ್ಟಿ ನೋಡತೀಯಲ್ಲ ಮಾರಾಯ್ತಿ," ಎಂದು ಗುಲಾಬಸಾಬರು ಗೊಣಗಿದರು. ಆದರೆ ಕುಡುಗೋಲನ್ನು ಗೋಡೆಗೆ ಸಿಕ್ಕಿಸಿದರು.

ಮರುದಿನ ಬಿಸಿಲು ಏರುವ ಮುನ್ನ ಹಳ್ಳದ ಮಗ್ಗುಲ ಎಳೆಯ ಕರಡದಲ್ಲಿ ಹದಿನೇಳನೆಯ ಹುಳುವನ್ನು ಮಗುಚಿ ನೋಡಿದಾಗ ಹೊಟ್ಟೆಯ ಅಡಿಗೆ ಗೀಟು ಇರಲಿಲ್ಲ. ಗಂಡು! ನಾಲ್ಕು ಹೆಜ್ಜೆಯ ಆಚೆ ಇನ್ನೊಂದು. ಮೂರನೆಯದು ಸಿಗುವಷ್ಟರಲ್ಲಿ ಬಿಸಿಲು ಬಂತು. ಮೂರನ್ನೂ ಸೀಸೆಯಲ್ಲಿಟ್ಟು, ಸೆರಗಿನಲ್ಲಿ ಸುತ್ತಿ, ದಾರಿಯುದ್ದಕ್ಕೂ ಎದೆಗೆ ಅವಚಿಕೊಂಡು ಬಂದರು.

ಈ ಸಲ ಹೊಟ್ಟೆ ಬಿಡಿಸಿದವರು ಗುರುಶಿದ್ದಪ್ಪ. ಗಾಜಿನ ಪಟ್ಟಿ ಬೇಡವೆಂದು ಮೂರಕ್ಕೆ ಮೂರು ಬೇರೆ ಬಟ್ಟಲು ತರಿಸಿದರು. ಮರುದಿನ ಮೊದಲನೆಯದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಎರಡನೆಯದು ನೋಡಿದರು. ಮೂರನೆಯದಕ್ಕೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೋಣೆಯಲ್ಲಿ ಸ್ನೇಹಲ್ ನಿಂತಿದ್ದಳು. ಮಕ್ತುಮಬಿ ಬಾಗಿಲ ಹೊರಗೆ.

"ಒಳಗ ಬಾರವಾ," ಎಂದರು ಸರ್. "ಇಲ್ಲಿ ನೋಡು."

ಮಕ್ತುಮಬಿ ಒಂದು ಕಣ್ಣು ಮುಚ್ಚಿ ನೋಡಿದರು. ಕವಲೊಡೆದ ಕೊಕ್ಕೆ, ತುದಿಯಲ್ಲಿ ಹಲ್ಲು. ಹಿಡಿದ ಸಾವಿರಾರು ಹುಳುಗಳಲ್ಲಿ ಒಂದರ ಒಳಗನ್ನೂ ಅಲ್ಲಿಯವರೆಗೆ ಅವರಿಗೆ ಯಾರೂ ತೋರಿಸಿರಲಿಲ್ಲ.

"ಹುಳಾ ಹೊಸಾದ ಖರೇ ಐತಿ," ಎಂದರು ಗುರುಶಿದ್ದಪ್ಪ. "ಆದ್ರ ನಾ ಅದನ್ನ ಯಾರದೋ ಮನ್ಯಾಗ ಇಟ್ಟಿದ್ನಿ. ನೀ ಅದರ ಮನಿಗೆ ಮುಟ್ಟಿಸಿದಿ." ಬೈದದ್ದಕ್ಕೆ ತಪ್ಪಾಯಿತು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಆ ಕಾಲದ ಮೇಷ್ಟ್ರುಗಳು ಹೇಳುವುದಿಲ್ಲ. ಕರಡುಪ್ರತಿಯ ಲಕೋಟೆಯನ್ನು ಮಾತ್ರ ಅವರ ಕಣ್ಣೆದುರೇ ಹರಿದರು. ಪತ್ರಿಕೆಗೆ ತಂತಿ ಕೊಟ್ಟು ಲೇಖನ ಹಿಂದಕ್ಕೆ ತೆಗೆದುಕೊಂಡರು. ಹಾರ ಹಾಕಿಸಿಕೊಂಡು ಮನೆಗೆ ಹೋದ ಮೇಲೂ ದಿನಾ ಹತ್ತು ಗಂಟೆಗೆ ಸಪ್ತಾಪುರದಿಂದ ಸ್ಕೂಟರಿನಲ್ಲಿ ಬಂದು, ವರ್ಷಗಟ್ಟಲೆ ಕೂತು ಮತ್ತೆ ಬರೆದರು. ಲೇಖನ ಕಳೆದ ವರ್ಷ ಅಚ್ಚಾಯಿತು. ಹುಳುವಿಗೆ ನಿನ್ನ ಹೆಸರು ಇಡಲೇ ಎಂದು ಕೇಳಿದರೆ ಮಕ್ತುಮಬಿ ಕೈ ಮುಗಿದರಂತೆ. "ಬ್ಯಾಡ್ರಿ ಸರ. ನಾ ಸತ್ತ ಮ್ಯಾಲೂ ಹುಡುಗೂರು ನನ್ನ ಹೆಸರಿಗೆ ಟಾಚಣಿ ಚುಚ್ಚಬೇಕೇನು?" ಕೊನೆಗೆ ಹುಲ್ಲಿನ ಹೆಸರನ್ನೇ ಇಟ್ಟರು.

ಆಮೇಲೆ ಆ ಹುಳುವಿನ ನಡವಳಿಕೆಯೇ ಸ್ನೇಹಲಳ ಸಂಶೋಧನೆಯ ವಿಷಯವಾಯಿತು. ಕರಡದ ಕುಂಡಗಳ ಮೇಲೆ ಕಂದೀಲಿನ ಗಾಜು ಮುಚ್ಚಿ ಹುಳು ಸಾಕಿದರು. ಒಮ್ಮೆ ಸ್ನೇಹಲ್ ಹಳೆಯ ಗ್ರಾಮೋಫೋನಿನ ಮುಳ್ಳನ್ನು ಹುಲ್ಲಿನ ಕಡ್ಡಿಗೆ ತಾಗಿಸಿ, ತಂತಿ ಜೋಡಿಸಿ, ಹೆಡ್‌ಫೋನನ್ನು ಮಕ್ತುಮಬಿಯ ಕಿವಿಗೆ ಇಟ್ಟಳು. ಗಂಡು ಹುಳು ಹೊಟ್ಟೆ ನಡುಗಿಸಿ ಕಡ್ಡಿಯ ಮೂಲಕ ಹೆಣ್ಣನ್ನು ಕರೆಯುವ ಸದ್ದು! ಗುರ್ರ್, ಗುರ್ರ್, ತಡೆದು ಮತ್ತೆ ಗುರ್ರ್. ಮಕ್ತುಮಬಿ ಬೆರಗಾದರು. "ಇಷ್ಟ ವರ್ಷ ಇವು ಮೂಕ ಅಂತ ತಿಳಕೊಂಡಿದ್ನೆಲ್ಲರಿ! ನಾ ಹಿಡಿಯೂ ಮುಂದ ಏನೇನ ಅಂದಿರಬೇಕು ನನಗ." ಆ ದಿನ ಅವರು ಒಂದು ಹುಳುವನ್ನೂ ಕೊಲ್ಲಲಿಲ್ಲ.

ಇವತ್ತು ಬೆಳಗಿನ ಹುಳುಗಳನ್ನು ಕೂಡಿಸಿ ಮುಗಿಸುವ ಹೊತ್ತಿಗೆ ಹನ್ನೊಂದು ಗಂಟೆ. ಈಗ ಸಂಗ್ರಹದ ಉಸ್ತುವಾರಿ ಸ್ನೇಹಲಳದ್ದೇ. ಅವಳು ಒಂದು ಪೆಟ್ಟಿಗೆ ತಂದು ಮೇಜಿನ ಮೇಲೆ ಇಡುತ್ತಾಳೆ. ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಬಡಿಯುತ್ತದೆ. ಒಳಗೆ ಹನ್ನೆರಡು ಹುಳು. ಹೊಟ್ಟೆ ಅದಲುಬದಲಾದ ಅವೇ ಹನ್ನೆರಡು. ಇವನ್ನು ಎಸೆದುಬಿಡಿ ಎಂದು ಸರ್ ಅಂದೇ ಹೇಳಿದ್ದರು. ಮಕ್ತುಮಬಿ ಬಿಡಲಿಲ್ಲ. ಸರಿ, ಹಾಗಾದರೆ ಇರಲಿ ಎಂದು ಸರ್ ಪ್ರತಿ ಟಾಚಣಿಗೂ ಒಂದು ಚೀಟಿ ಬರೆದು ಚುಚ್ಚಿದರು. "ಪ್ರಯೋಗಾಲಯದ ತಪ್ಪಿನಿಂದ ಹೊಟ್ಟೆ ಬದಲಾಗಿದೆ" ಎಂದು. ಸ್ನೇಹಲ್ ಅದನ್ನು ಓದಿ ಹೇಳಿದಾಗ ಮಕ್ತುಮಬಿ ಕೇಳಿದ್ದರು, "ಪ್ರಯೋಗಾಲಯ ಅಂದ್ರ ಯಾರ್ರಿ?"

ಅಂದಿನಿಂದ ಅವರದ್ದು ಒಂದೇ ಹಟ, ಆ ಚೀಟಿಯಲ್ಲಿ ನನ್ನ ಹೆಸರು ಬರೆಯಿರಿ ಎಂದು. ಸರ್ ಒಪ್ಪಲಿಲ್ಲ. ಈ ಸಂಗ್ರಹದ ಪದ್ಧತಿಯೇ ಹಾಗೆ. ಪ್ರತಿ ಹುಳುವಿನ ಚೀಟಿಯಲ್ಲೂ ಊರು, ತಾರೀಖು, ಹಿಡಿದವರ ಹೆಸರು ಇರುತ್ತದೆ. ಹಿಡಿದವರ ಹೆಸರು ಎಂದರೆ ಪ್ರೊಫೆಸರರದ್ದು, ಇಲ್ಲವೇ ಸಂಶೋಧನೆ ಮಾಡುವ ಹುಡುಗರದ್ದು. ದಿನಗೂಲಿಯವರ ಹೆಸರು ಬರೆಯುವ ರೂಢಿ ಇಲ್ಲ. ಹದಿನೆಂಟು ಸಾವಿರ ಹುಳುಗಳಲ್ಲಿ ಒಂದರ ಕೆಳಗೂ ಮಕ್ತುಮಬಿ ಎಂಬ ಹೆಸರಿಲ್ಲ. ಇಷ್ಟು ವರ್ಷ ದುಡಿದವಳ ಹೆಸರು ಮೊದಲ ಬಾರಿಗೆ ಬರುವುದು ತಪ್ಪಿನ ಚೀಟಿಯಲ್ಲೇ ಎಂದರೆ ತನಗೆ ಮನಸ್ಸು ಬರುವುದಿಲ್ಲ ಎಂದು ಸರ್ ಮೂರು ವರ್ಷ ತಳ್ಳುತ್ತ ಬಂದರು. ಹೋದ ವಾರ ಸ್ಕೂಟರ್ ಇಳಿಯುವಾಗಲೇ ಮಕ್ತುಮಬಿ ಅಡ್ಡ ನಿಂತರು. ಸರ್ ಸೋತರು. "ಬರೀರವಾ, ಈಕಿ ನನ್ನ ಬಿಡೂದಿಲ್ಲ."

ಸ್ನೇಹಲ್ ಸಣ್ಣ ಮೊನೆಯ ಲೇಖನಿಯಲ್ಲಿ ಹನ್ನೆರಡು ಹೊಸ ಚೀಟಿ ಬರೆದಿದ್ದಾಳೆ. ಆದರೂ ಅವಳ ಕೈ ಹಿಂದೆ ಸರಿಯುತ್ತದೆ. "ಆಪಾ, ಖರೇನ ಹಚ್ಚಲೇನ್ರಿ? ಬೇಕಾದ್ರ ಇವತ್ತ ಹಿಡದ ಹುಳದ ಚೀಟಿಮ್ಯಾಲೆ ನಿಮ್ಮ ಹೆಸರ ಬರೀತೇನಿ. ಎಲ್ಲಾದರ ಮ್ಯಾಲೂ ಬರೀತೇನಿ. ಇವಕ್ಕ ಬ್ಯಾಡ."

ಮಕ್ತುಮಬಿ ಚೀಟಿಗಳನ್ನು ತಾವೇ ಎಳೆದುಕೊಳ್ಳುತ್ತಾರೆ. ಅದರಲ್ಲಿ ತಮ್ಮ ಹೆಸರು ಯಾವುದು ಎಂದು ಕೇಳಿ, ತೋರಿಸಿಕೊಂಡು, ಬೆರಳಿನಿಂದ ಒಮ್ಮೆ ಸವರುತ್ತಾರೆ. ಮೊದಲನೆಯದನ್ನು ಟಾಚಣಿಗೆ ಚುಚ್ಚುತ್ತಾರೆ.

"ಅವಕ್ಕ ಬ್ಯಾಡವಾ. ಇವು ಹನ್ನೆರಡಕ್ಕ ಇದ್ರ ಸಾಕು," ಎನ್ನುತ್ತಾರೆ. "ನಾಳೆ ಯಾರರ ಬಂದು ಈ ಪೆಟ್ಟಿಗಿ ತಗದ ನೋಡಿದ್ರ, ಮಕ್ತುಮಬಿ ಹನ್ನೆರಡ ತಪ್ಪ ಮಾಡ್ಯಾಳ, ಮಾಡಿದ್ದನ್ನ ಬರದ ಇಟ್ಟಾಳ ಅಂತ ಗೊತ್ತಾಗತೈತಿ. ಅಂದ್ರ ಉಳದ ಹದಿನೆಂಟ ಸಾವಿರನೂ ಬರೋಬರಿ ಅದಾವಂತ ನಂಬತಾರ."